ನಿಂತವನಿಗೆ ಐದು ಅಂಕ

ಅಮೆರಿಕದ ಫುಟ್‌ಬಾಲ್ ಬಗ್ಗೆ ಕಥೆ ಬರೆಯುವಷ್ಟು ತಿಳಿವಳಿಕೆ ನನಗಿಲ್ಲ. ಆದರೂ ಬರೆಯಲು ಹೊರಟಿದ್ದಕ್ಕೆ ಕ್ಷಮೆಯಿರಲಿ. ಆಟದ ವಿವರದಲ್ಲಿ ತಪ್ಪು ಕಂಡರೆ ಅದು ನನ್ನದು, ರಶ್ಮಿಯದಲ್ಲ.

ರಶ್ಮಿ ಹಾಕಿದ ಐದು ಅಂಕ ಎರಡನೆಯ ಸಲ ವಾಪಸ್ ಬಂದಿತ್ತು. ಬಾಲಾನಗರದಲ್ಲಿ ಒಂದು ಲೇತ್ ವರ್ಕ್‌ಶಾಪಿನ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಅಮೆರಿಕದ ಕಾಲೇಜು ಹುಡುಗರು ಆಡಿದ ಆಟದ ವಿಡಿಯೋ ನೋಡಿ, ಒಬ್ಬೊಬ್ಬನ ಶ್ರಮಕ್ಕೆ ಒಂದರಿಂದ ಐದರವರೆಗೆ ಅಂಕ ಹಾಕುವುದು ಕೆಲಸ. ಅಲ್ಲಿನ ದೊಡ್ಡ ತಂಡಗಳು ವರ್ಷಕ್ಕೊಮ್ಮೆ ಸರದಿಯ ಪ್ರಕಾರ ಈ ಹುಡುಗರನ್ನು ಆರಿಸಿಕೊಳ್ಳುತ್ತವೆ. ಯಾರನ್ನು ಆರಿಸಬೇಕೆಂದು ಅಭಿಮಾನಿಗಳು ತಿಂಗಳುಗಟ್ಟಲೆ ಮೊದಲೇ ಜಗಳ ಶುರು ಮಾಡಿರುತ್ತಾರೆ. ಆ ಜಗಳ ನಡೆಯುವ ವೆಬ್‌ಸೈಟಿಗೆ ಇಲ್ಲಿಂದ ಅಂಕ ಹೋಗುತ್ತದೆ. ಅಭಿಮಾನಿಗಳೂ ಅಲ್ಲಿ ತಮ್ಮ ಅಂಕ ಹಾಕುತ್ತಾರೆ. ಅವರದಕ್ಕೂ ಇಲ್ಲಿನದಕ್ಕೂ ಅಂತರ ಹೆಚ್ಚಾದರೆ, ತಿದ್ದಿ ಕಳಿಸಿ ಎಂದು ವಾಪಸ್ ಬರುತ್ತದೆ.

ವಾಪಸ್ ಬಂದದ್ದು ನಲವತ್ತೊಂದನೇ ನಂಬರಿನ ಹುಡುಗನದು. ಅಭಿಮಾನಿಗಳ ಪಾಲಿಗೆ ಅವನು ಮೈಗಳ್ಳ. ಅದಕ್ಕೆ ಸಾಕ್ಷಿಯೆಂದು ಒಂದು ಸಣ್ಣ ಕ್ಲಿಪ್ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿತ್ತು: ಅವನ ತಂಡದವರೆಲ್ಲ ಚೆಂಡಿನ ಹಿಂದೆ ಎಡಕ್ಕೆ ಓಡುತ್ತಾರೆ, ಅವನೊಬ್ಬ ಬಲಗಡೆ ನಿಂತೇ ಇರುತ್ತಾನೆ. ಕ್ಲಿಪ್ ಅಲ್ಲಿಗೆ ಮುಗಿಯುತ್ತದೆ. ರಶ್ಮಿ ಪೂರ್ತಿ ಆಟ ನೋಡಿದ್ದಳು. ಎದುರಾಳಿಗಳು ಎಡಕ್ಕೆ ಓಡಿದಂತೆ ಮಾಡಿ ಚೆಂಡನ್ನು ಬಲಕ್ಕೆ ತಿರುಗಿಸಿದಾಗಲೆಲ್ಲ ಅದನ್ನು ತಡೆಯಲು ಅಲ್ಲಿದ್ದವನು ಅವನೊಬ್ಬನೇ. ಅವನು ನಿಂತದ್ದು ಅದಕ್ಕೆ.

ಪಕ್ಕದ ಕುರ್ಚಿಯ ಸುಮಂತ ಬಗ್ಗಿ ಅವಳ ಸ್ಕ್ರೀನ್ ನೋಡಿದ. ತನ್ನದು ಒಂದೂ ವಾಪಸ್ ಬರುವುದಿಲ್ಲ ಎಂದು ಹೇಳಿದ. ಅವನ ದಾರಿ ಸುಲಭದ್ದು: "ನಾ ಮೊದ್ಲ ಮಂದಿ ಏನಂತಾರ ಓದ್ತೀನಿ ಅಕ್ಕಾ, ಆಮ್ಯಾಲ ಆಟ ನೋಡ್ತೀನಿ. ಟೈಮ್ ಇದ್ರ."

ಅಷ್ಟರಲ್ಲಿ ಟೀಮ್ ಲೀಡ್ ವಿಜಯಕುಮಾರ ಬಂದ. ಹುಮನಾಬಾದಿನವನು, ರಶ್ಮಿಯನ್ನು ಈ ಕೆಲಸಕ್ಕೆ ಸೇರಿಸಿದವನು. ಕಾಯಂ ಆಗುವವರ ಹೆಸರು ಇವತ್ತೇ ಮೇಲೆ ಹೋಗಬೇಕು, ಅದರಲ್ಲಿ ನಿನ್ನದೂ ಇದೆ ಎಂದು ಮೆಲ್ಲಗೆ ಹೇಳಿದ. ಮೂರನೆಯ ಸಲವೂ ಅಂಕ ತಿದ್ದದಿದ್ದರೆ ಅದು ಹಾಗೆಯೇ ಹೋಗುತ್ತದೆ. ಆದರೆ ಹಾಕಿದವರ ಹೆಸರಿಗೆ ಒಂದು ತಪ್ಪು ಬೀಳುತ್ತದೆ. ತಪ್ಪು ಬಿದ್ದವರು ಈ ವರ್ಷ ಕಾಯಂ ಆಗುವುದಿಲ್ಲ. ರಶ್ಮಿಗೆ ಇದೆಲ್ಲ ಗೊತ್ತಿತ್ತು. ಕಾಯಂ ಆದರೆ ಆಫೀಸಿನ ವಿಮೆಗೆ ಅವ್ವ ಸಾವಿತ್ರಿಬಾಯಿಯ ಹೆಸರೂ ಸೇರುತ್ತದೆ. ಅವ್ವನ ಮೊಣಕಾಲಿನ ಆಪರೇಷನ್ ಅದಕ್ಕೇ ಕಾದಿತ್ತು.

"ಸರ್, ನೀವು ಈ ಮ್ಯಾಚ್ ನೋಡೀರೇನ್ರಿ?"

"ನೋಡೋದು ನನ್ನ ಕೆಲಸಲ್ಲ ಬಿಡವಾ. ಅಷ್ಟು ಮಂದಿ ಒಂದು ಹೇಳಾಕತ್ತಾರ, ನೀ ಒಬ್ಬಾಕಿ ಇನ್ನೊಂದು ಹೇಳಾಕತ್ತಿ. ತಪ್ಪು ಯಾರ್ದಿರ್ತೈತಿ?"

"ಅವ್ರು ಹಂಗ ಯಾಕ ಹೇಳಾಕತ್ತಾರ್ರಿ? ಹೋದ ತಿಂಗಳು ನಮ್ಮ ಆಫೀಸಿಂದನ ಅವಗ ಎರಡು ಹೋಗಿತ್ತು, ಅದನ್ನ ನೋಡಿ ಹೇಳಾಕತ್ತಾರ. ಈಗ ಅವ್ರು ಹೇಳ್ತಾರಂತ ನಾನೂ ಎರಡು ಹಾಕಬೇಕು. ಇದರಾಗ ಆಟ ನೋಡಿದವ್ರು ಯಾರ್ರಿ?"

ಸುಮಂತ ನೀರಿನ ಬಾಟ್ಲಿ ಹಿಡಿದು ಎದ್ದು ಹೋದ. ಆ ಎರಡು ಅಂಕ ಹಾಕಿದವನು ಅವನೇ.

ವಿಜಯಕುಮಾರ ಸಿಟ್ಟಾಗಲಿಲ್ಲ. ಖಾಲಿಯಾದ ಕುರ್ಚಿ ಎಳೆದುಕೊಂಡು ಕುಳಿತು, ಮನೆಯವರೊಡನೆ ಮಾತಾಡುವ ಹಾಗೆ ಕೇಳಿದ: "ಆ ಹುಡುಗ ನಿನಗ ಅಣ್ಣನೋ, ತಮ್ಮನೋ? ನೀ ಇದ್ದೀ ಅಂತ ಅವಗ ಗೊತ್ತರ ಐತೇನು? ಅವ್ವನ ಕಾಲು ನೋಡವಾ."

ಈ ಆಟವನ್ನು ರಶ್ಮಿ ಮೊದಲು ಕಂಡದ್ದೇ ಹೋದ ವರ್ಷ, ಇದೇ ಆಫೀಸಿನ ಟ್ರೇನಿಂಗಿನಲ್ಲಿ. ತನಗೇ ಅರ್ಥವಾಗದಿದ್ದರೆ? ಹುಟ್ಟಿದಾಗಿನಿಂದ ಈ ಆಟ ನೋಡಿದವರೆಲ್ಲ ಸುಳ್ಳು, ತಾನೊಬ್ಬಳು ಖರೇ ಎನ್ನುವುದಕ್ಕೆ ತನ್ನಲ್ಲಿ ಏನಿದೆ? ಅವಳು ಅದೇ ಭಾಗವನ್ನು ಮತ್ತೊಮ್ಮೆ ಮೊದಲಿಂದ ಹಾಕಿದಳು. ಎಲ್ಲರೂ ಎಡಕ್ಕೆ ಓಡಿದರು. ನಲವತ್ತೊಂದು ನಿಂತ. ಚೆಂಡು ತಿರುಗಿ ಬಂತು. ಅವನು ಅಲ್ಲಿದ್ದ.

ಅವಳು ಐದನ್ನೇ ಒತ್ತಿದಳು.

"ನನ್ನ ಹೆಸರಿಗೆ ತಪ್ಪು ಅಂತ ಬರೀಬ್ಯಾಡ್ರಿ ಸರ್. ತಿದ್ದಾಕ ಒಪ್ಪಲಿಲ್ಲ ಅಂತ ಬರೀರಿ."

ಕಂಪ್ಯೂಟರಿನಲ್ಲಿ ಹಾಗೆ ಬರೆಯಲು ಜಾಗವಿಲ್ಲ, 'ತಪ್ಪು' ಎನ್ನುವುದೊಂದೇ ಇರುವುದು ಎಂದು ವಿಜಯಕುಮಾರ ಹೇಳಿದ. ಆಮೇಲೆ ಅವಳ ಮುಖ ನೋಡದೆ ಅದನ್ನೇ ಒತ್ತಿದ.

ಸೋಮವಾರ ವೆಬ್‌ಸೈಟಿನಲ್ಲಿ ಐದು ಅಂಕ ಬಂತು. ಅದರ ಕೆಳಗೆ ಮೊದಲ ಮಾತು, ಇದನ್ನು ಕೊಟ್ಟವರು ಜನ್ಮದಲ್ಲಿ ಫುಟ್‌ಬಾಲ್ ನೋಡಿಲ್ಲ ಎಂದು. ನೂರಾರು ಜನ ಅದಕ್ಕೆ ಹೌದೆಂದಿದ್ದರು. ಸುಮಂತ ಅದನ್ನು ಓದಿ ಹೇಳಿ, ಹೋದ ವರ್ಷದವರೆಗೆ ಅದು ಖರೇನೇ ಇತ್ತಲ್ಲ ಅಕ್ಕಾ ಎಂದ. ರಶ್ಮಿಗೂ ನಗು ಬಂತು. ಬೈಗುಳಗಳನ್ನು ದಾಟಿ ಬಹಳ ಕೆಳಗೆ, ಯಾರೂ ಹೌದೆನ್ನದ ಒಂದು ಸಾಲಿತ್ತು: 'ಇದು ಯಾವ ಮ್ಯಾಚ್? ಪೂರ್ತಿ ನೋಡಿ ಹೇಳುತ್ತೇನೆ.'

ಹಾಗೆ ಬರೆದವನು ನೋಡಿದನೋ ಇಲ್ಲವೋ, ನೋಡಿ ಏನೆಂದನೋ ನನಗೆ ಗೊತ್ತಿಲ್ಲ.