ಪೆಟ್ಟು ಹೊರುವ ತಲೆ

ಕಬಡ್ಡಿ ಆಟಗಾರರ ತಲೆಗೆ ಬಿದ್ದ ಪೆಟ್ಟನ್ನು ಕೂಲಿಯಾಳುಗಳ ತಲೆಗೆ ದಾಟಿಸುವುದು ಆಗೆಲ್ಲ ಮಾಮೂಲು. ಹಾಗೆ ಪೆಟ್ಟು ಹೊತ್ತವರ ಮಿದುಳಿನ ಅಧ್ಯಯನ ನೋಡಿಕೊಳ್ಳುತ್ತಿದ್ದ ಇಂದುಮತಿ, ಸ್ಟಾರ್ ಆಟಗಾರ ಚಿರಂತ್‌ನ ಪೆಟ್ಟುಗಳನ್ನು ಹೊರುತ್ತಿದ್ದ ಭರಮಣ್ಣನನ್ನು ಪಂದ್ಯಕ್ಕೆ ಮೊದಲು ಪರೀಕ್ಷಿಸಿದಳು.

“ಪಕ್ಕದಾಗ ಕೂತವರು ಯಾರು, ಭರಮಣ್ಣ?”

“ನೀವಽ ಹೇಳ್ರಿ, ಅಕ್ಕಾರ,” ಎಂದು ಅವನು ನಕ್ಕ. ಹೆಂಡತಿ ನೀಲವ್ವ ಸೆರಗಿನಿಂದ ಅವನ ಜೊಲ್ಲು ಒರೆಸಿದಳು.

ಚಿರಂತ್ ಬಾಳೆಹಣ್ಣು ತಿನ್ನುತ್ತ ಒಳಗೆ ಇಣುಕಿದ. “ಮೇಡಂ, ಇವನದು ಮುಗೀತಾ? ಹಾಗಾದ್ರೆ ಬೇರೆ ತಲೆ ಕೊಡಿ, ಆಟಕ್ಕೆ ಹೊತ್ತಾಯ್ತು.”

ಇಂದುಮತಿ ಭರಮಣ್ಣನ ಹಣೆಗೆ ಕಟ್ಟಿದ್ದ, ಪೆಟ್ಟು ದಾಟಿಸುವ ತಂತಿಪಟ್ಟಿಯನ್ನು ಬಿಚ್ಚಿ ಕಸದ ಬುಟ್ಟಿಗೆ ಎಸೆದಳು.

“ಇವತ್ತು ನಿಮ್ಮ ಪೆಟ್ಟು ನಿಮ್ಮ ತಲೆಗೇ. ಹೋಗಿ, ಆಡಿ.”

ಹೊರಗೆ ಜನ ಅವನ ಹೆಸರು ಕೂಗುತ್ತಿದ್ದರು. ಚಿರಂತ್ ಇನ್ನೂ ಒಂದು ಪೆಟ್ಟೂ ತಿನ್ನದ ತಲೆಯನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಅಲ್ಲೇ ಕುಸಿದು ಕೂತ. ಅಂಕಣಕ್ಕೆ ಇಳಿಯಲೇ ಇಲ್ಲ.