ಮೇಸ್ತ್ರಿಯ ಸ್ವಂತ ಸೂರು

ಮೂರನೆಯ ನೋಟಿಸನ್ನು ಮೇಸ್ತ್ರಿ ಗೇಟಿನಲ್ಲೇ ಹರಿದು ಹಾಕಿದ. ಮರುಕ್ಷಣ ಬಗ್ಗಿ ಚೂರುಗಳನ್ನೆಲ್ಲ ಆರಿಸಿಕೊಂಡ. ಎದುರು ಮನೆಯ ಮೇಷ್ಟ್ರ ಮುಖಕ್ಕೆ ಎಸೆಯಲು ಏನಾದರೂ ಬೇಕಿತ್ತು.

ಊರಿನ ಅರ್ಧದಷ್ಟು ಮನೆಗಳಿಗೆ ಛಾವಣಿ ಹೊದಿಸಿದ ಕೈ ಅವನದು. ಅಂಥವನ ಸ್ವಂತ ಮನೆಯ ಸೂರು ಅಪಾಯದ ಸ್ಥಿತಿಯಲ್ಲಿದೆಯೆಂದು ಯಾರೋ ಪುರಸಭೆಗೆ ದೂರು ಬರೆದಿದ್ದರು. ಒಂದಲ್ಲ, ಮೂರು ಸಲ. ಹೆಸರಿಲ್ಲ, ಸಹಿಯಿಲ್ಲ. ಮೂವತ್ತು ದಿನದೊಳಗೆ ದುರಸ್ತಿಯಾಗದಿದ್ದರೆ ಮನೆ ಖಾಲಿ ಮಾಡಿಸುತ್ತೇವೆ ಎಂದು ಈ ಸಲ ಪುರಸಭೆಯವರು ಖಡಾಖಂಡಿತವಾಗಿ ತಿಳಿಸಿದ್ದರು. ಜೊತೆಗೆ ದೂರಿನ ನಕಲು.

ಅದನ್ನು ಹರಿಯುವ ಮೊದಲು ತಾಯಿ ಗಟ್ಟಿಯಾಗಿ ಓದಿ ಹೇಳಿದ್ದಳು. “ಸದರಿ ಮಾಲೀಕರು ಊರವರ ಮನೆ ಹೊದಿಸುವುದರಲ್ಲಿ ನಿಪುಣರು. ಅವರದೇ ಮನೆಯಲ್ಲಿ ಮಳೆ ಬಂದರೆ ನಾಲ್ಕು ಪಾತ್ರೆ ಇಡಬೇಕಾಗುತ್ತದೆ.” ಅಕ್ಷರಗಳು ಸೊಟ್ಟಸೊಟ್ಟಗಿದ್ದವು. ಆದರೂ ಅವಳು ಒಂದು ಕಡೆಯೂ ತಡವರಿಸಿರಲಿಲ್ಲ.

ಮೇಷ್ಟ್ರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಚೂರುಗಳು ಮಡಿಲಿಗೆ ಬಿದ್ದವು.

“ನಮ್ಮನೇಲಿ ಎಷ್ಟು ಪಾತ್ರೆ ಇಡ್ತೀವಿ ಅಂತ ಕಿಟಕೀಲಿ ಇಣುಕಿ ನೋಡ್ತೀರೇನ್ರಿ? ಇದೇನಾ ನೀವು ಕಲಿಸಿದ ಪಾಠ?”

ಅವರು ಚೂರುಗಳನ್ನು ಪೇಪರಿನ ಮೇಲೆ ಜೋಡಿಸಿ, ಕನ್ನಡಕ ಏರಿಸಿ, ಓದಿದರು. ಅವರ ತುಟಿಯಂಚಿನಲ್ಲಿ ನಗು ಸುಳಿದಂತಾಯಿತು. ಮೇಸ್ತ್ರಿಯ ಮೈ ಉರಿದುಹೋಯಿತು.

“ನಾನು ಬರೆದದ್ದಲ್ಲ ಕಣಯ್ಯಾ.”

“ಈ ಬೀದೀಲಿ ‘ಸದರಿ’ ಅಂತ ಬರೆಯೋರು ಇನ್ಯಾರಿದ್ದಾರೆ?”

“ಇದ್ದಾರೆ ಬಿಡು. ಬರೆದೋರು ಸುಳ್ಳಂತೂ ಬರೆದಿಲ್ಲ. ಮನೆಗೆ ಹೋಗಿ ಸೂರು ನೋಡು.”

ಮೇಸ್ತ್ರಿ ಆಡಬಾರದ ಮಾತೆಲ್ಲ ಆಡಿದ. ಇಪ್ಪತ್ತು ವರ್ಷ ಅದೇ ಜಗಲಿಯಲ್ಲಿ ಅವನ ಜೊತೆ ಕೂತು ಪೇಪರಿನ ಹಾಳೆ ಹಂಚಿಕೊಂಡಿದ್ದ ಮೇಷ್ಟ್ರು ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಿಟ್ಟು ಇಳಿದಿರಲಿಲ್ಲ. ಮನೆಗೆ ಬಂದವನು ಹೆಂಡತಿಯತ್ತ ತಿರುಗಿದ. ಒಂಬತ್ತು ಮಳೆಗಾಲದಿಂದ ಸೂರು, ಸೂರು ಎಂದು ಅವನ ತಲೆ ತಿಂದವಳು ಅವಳೇ ತಾನೇ?

“ನೀನೇ ಬರೆದಿದ್ದಾ? ನಿಜ ಹೇಳು.”

ಅವಳು ಕೈಲಿದ್ದ ಸೌಟನ್ನು ಕುಕ್ಕಿದಳು. “ನಾನು ಬರೆಯೋಳಾಗಿದ್ರೆ ನಾಲ್ಕಲ್ಲ, ಐದು ಪಾತ್ರೆ ಅಂತ ಬರೀತಿದ್ದೆ. ಅಡುಗೆಮನೇದು ಬಿಟ್ಟುಹೋಗಿದೆ. ಕೆಳಗೆ ನನ್ನ ಹೆಸರೂ ಹಾಕ್ತಿದ್ದೆ. ನನಗೇನ್ರೀ ಭಯ?”

“ಅವಳನ್ನ ಯಾಕೋ ಬೈತೀಯ?” ತಾಯಿ ಹಿಂದಿನ ಕೋಣೆಯಿಂದ ಬಂದಳು. “ನನ್ನ ಮಗನ ಕೈಯಲ್ಲಿ ಹುಳುಕು ಹುಡುಕಿದೋರು ಯಾರೇ ಆಗ್ಲಿ, ಅವರ ಕಣ್ಣು ಕುಕ್ಕೋ ಹಾಗೆ ಮಾಡಿ ತೋರಿಸು. ಕೈಲಾಗಲ್ಲ ಅಂದ್ರೆ ಹೇಳು, ಬೇರೆ ಮೇಸ್ತ್ರೀನ ಕರೆಸೋಣ.”

ಅಷ್ಟು ಸಾಕಾಯಿತು.

ಮರುದಿನವೇ ಅಂಗಡಿಗೆ ಹೋದ. ಅಂಗಡಿಯವನು ಬಣ್ಣಬಣ್ಣದ ಶಿಂಗಲ್, ಅಂದರೆ ಹೆಂಚಿನ ಬದಲು ಹೊದಿಸುವ ಡಾಂಬರಿನ ಬಿಲ್ಲೆಗಳನ್ನು, ಹರವಿದ. ಮೇಸ್ತ್ರಿ ಒಂದೊಂದನ್ನೂ ಬಗ್ಗಿಸಿ, ಉಗುರಿನಿಂದ ಕೆರೆದು ನೋಡಿದ. ಮೈಮೇಲಿನ ಹರಳು ಉದುರಿದ್ದನ್ನು ಪಕ್ಕಕ್ಕೆ ಎಸೆದ. ಅಂಚು ಸೀಳಿದ್ದನ್ನು ಅಂಗಡಿಯವನ ಮುಂದೆಯೇ ಎರಡು ತುಂಡು ಮಾಡಿದ. ಕೊನೆಗೆ ಎರಡು ಪದರದ ದಪ್ಪ ಶಿಂಗಲ್ ಆರಿಸಿದ. ಇದನ್ನೇ ಹಾಕಿಸಿ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ಅವನು ಸೋತಿದ್ದ ಮಾಲು ಅದು.

ಹಳೆಯ ಹೊದಿಕೆ ಕೀಳುವಾಗಲೂ ಬಾಯಿ ಸುಮ್ಮನಿರಲಿಲ್ಲ. ಒಂದೊಂದು ಮೊಳೆಗೂ ಒಂದೊಂದು ಬೈಗುಳ. ಎಲ್ಲವೂ ಎದುರು ಮನೆಗೆ ಕೇಳುವಂತೆ.

ಹಿಂದಿನ ಕೋಣೆಯ ಮೇಲೆ ಬಂದಾಗ ಮಾತ್ರ ಬಾಯಿ ನಿಂತಿತು. ಅಲ್ಲಿನ ಹಲಗೆ ಕಪ್ಪಗಾಗಿತ್ತು. ಹೆಬ್ಬೆರಳು ಒತ್ತಿದ, ನೆನೆದ ರಟ್ಟಿನೊಳಗೆ ಹೋದಂತೆ ಹೋಯಿತು. ಹಲಗೆ ಎತ್ತಿ ನೋಡಿದರೆ ನೇರ ಕೆಳಗೆ ತಾಯಿಯ ದಿಂಬು.

ಇನ್ನೊಂದು ಮಳೆಗಾಲ ಕಳೆದಿದ್ದರೆ ಇಷ್ಟೂ ಅವಳ ತಲೆಯ ಮೇಲೆ ಬೀಳುತ್ತಿತ್ತು. ಬೈಯಲು ಯಾರಾದರೂ ಬೇಕಿತ್ತು. ಆ ಎತ್ತರದಲ್ಲಿ ಅವನೊಬ್ಬನೇ ಇದ್ದ.

ಆಮೇಲಿನ ಹನ್ನೊಂದು ದಿನ ಅವನು ಬೇರೆ ಯಾರ ಕೆಲಸಕ್ಕೂ ಹೋಗಲಿಲ್ಲ. ಹಲಗೆ ಬದಲಿಸಿದ. ನೀರು ತಡೆಯುವ ಹಾಳೆ ಹಾಸಿದ. ಬೇರೆಯವರ ಮನೆಯಲ್ಲಿ ಒಂದು ಶಿಂಗಲ್ಲಿಗೆ ನಾಲ್ಕು ಮೊಳೆ ಹೊಡೆಯುತ್ತಿದ್ದವನು ಇಲ್ಲಿ ಆರು ಹೊಡೆದ. ಸೂರಿನಂಚಿನಲ್ಲಿ ಕೊಳೆತ ಎಲೆ ಕಟ್ಟಿಕೊಂಡಿದ್ದ ಮಳೆನೀರಿನ ದೋಣಿಗಳನ್ನು ಬಳಿದು ತೊಳೆದ. ಸೂರಿಗೆ ನೆರಳು ಹಾಕಿ ಪಾಚಿ ಬೆಳೆಸುತ್ತಿದ್ದ ಕೊಂಬೆ ಕಡಿದ.

ಪುರಸಭೆಯ ಅಧಿಕಾರಿ ಬಂದು ಅರ್ಧ ಗಂಟೆ ಪೈಪಿನಲ್ಲಿ ನೀರು ಹೊಡೆಸಿದ. ಒಳಗೆ ಒಂದು ತೊಟ್ಟೂ ಬೀಳಲಿಲ್ಲ. “ಇಂಥ ಕೆಲಸ ನಾನು ನೋಡೇ ಇಲ್ಲ,” ಎಂದು ಸಹಿ ಹಾಕಿ ಹೋದ.

ಆಗ ಎದುರು ಮನೆಯ ಬಾಗಿಲು ತೆರೆಯಿತು. ಮೇಷ್ಟ್ರು ಗೇಟಿನವರೆಗೆ ಬಂದು ತಲೆಯೆತ್ತಿ ನೋಡಿದರು. ಮೇಸ್ತ್ರಿ ಗಂಟಲು ಸರಿಮಾಡಿಕೊಂಡ. ಅವರು ಅವನನ್ನು ದಾಟಿ, ಬಾಗಿಲಲ್ಲಿ ನಿಂತಿದ್ದ ತಾಯಿಗೆ ಹೇಳಿದರು: “ಚೆನ್ನಾಗಿ ಮಾಡಿಸಿದ್ರಿ ಅಮ್ಮಾ.”

“ಎಲ್ಲಾ ನನ್ನ ಮಗನ ಕೈಗುಣ,” ಎಂದಳು ಆಕೆ.

“ಮೇಷ್ಟ್ರೇ, ಅವತ್ತು ನಾನು...” ಎಂದು ಮೇಸ್ತ್ರಿ ಶುರುಮಾಡಿದ.

“ಗೊತ್ತು ಬಾ. ಪೇಪರ್ ಬಂದಿದೆ.”

ಅವನು ತಲೆ ತಗ್ಗಿಸಿ ಅವರ ಹಿಂದೆ ನಡೆದ. ಆದರೂ ಒಳಗೆ ಕುದಿತ ಪೂರ್ತಿ ಆರಿರಲಿಲ್ಲ. ಬರೆದವರು ಒಂದು ದಿನ ಕೈಗೆ ಸಿಗಲಿ, ಆಗ ನೋಡಿಕೊಳ್ಳುತ್ತೇನೆ ಎಂದು ಹಲ್ಲು ಕಚ್ಚಿದ.

ಅದೇ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ತಾಯಿ ಬಾಗಿಲು ಮುಂದೆ ಮಾಡಿಕೊಂಡು, ಹೊಸ ಹಾಳೆ ಹರವಿ, ಪೆನ್ನನ್ನು ಎಡಗೈಯಲ್ಲಿ ಹಿಡಿದು ಬರೆಯತೊಡಗಿದ್ದಳು: “ಮಾನ್ಯರೇ, ಸದರಿ ಮನೆಯ ಹಿತ್ತಿಲ ಮೆಟ್ಟಿಲು ಕುಸಿದು ಆರು ವರ್ಷವಾಗಿದ್ದು...”