ಎಡಸುತ್ತು

ಚಾಕುವಿನ ಹಿಡಿಗೆ ಸುತ್ತಿದ್ದ ದಾರ ಮತ್ತೆ ಬಿಚ್ಚಿಕೊಂಡಿತ್ತು. ಅವನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ. ದಾರ ಹರಿದಿರಲಿಲ್ಲ. ಗಂಟೂ ಬಿಟ್ಟಿರಲಿಲ್ಲ. ಸುತ್ತುಗಳು ಮಾತ್ರ ಸಡಿಲಾಗಿ, ಇಲಾಸ್ಟಿಕ್ ಹೋದ ಕಾಲುಚೀಲದ ಹಾಗೆ ಜೋತುಬಿದ್ದಿದ್ದವು.

“ಊರಿನ ಶಟಲ್ ರಾಕೆಟ್ಟಿಗೆಲ್ಲ ಗ್ರಿಪ್ ಸುತ್ತೋರು, ಮನೆ ಚಾಕು ಮಾತ್ರ ಒಂದು ದಿನ ನಿಲ್ಲಲ್ಲ,” ಎಂದಳು ಹೆಂಡತಿ, ಒಲೆಯ ಕಡೆಯಿಂದ ತಿರುಗದೆ. “ಹೊಸದೊಂದು ತನ್ನಿ ಅಂದ್ರೆ ಕೇಳಲ್ಲ.”

“ಅಲಗು ಚೆನ್ನಾಗಿದೆ ಕಣೇ. ಹಿಡಿ ಒಡೀತು ಅಂತ ಚಾಕು ಎಸೀತಾರಾ? ಹತ್ತಿ ದಾರ ಹಾಕಿದೆ, ನೈಲಾನ್ ಹಾಕಿದೆ, ಮೇಣ ಹಚ್ಚಿದೆ. ಕೋರ್ಟಲ್ಲಿ ಬಡಿದಾಡೋರ ಕೈಯಲ್ಲೇ ನನ್ನ ಸುತ್ತು ಅಲ್ಲಾಡಲ್ಲ. ನಿನ್ನ ಕೈಗೆ ಬಂದ್ರೆ ಮಾತ್ರ...”

“ನನ್ನ ಕೈಗೇನಾಗಿದೆ?” ಅವಳು ಥಟ್ಟನೆ ತಿರುಗಿದಳು.

ಆಗಿದ್ದು ಕಾಣುತ್ತಲೇ ಇತ್ತು. ತೋರುಬೆರಳಿಗೆ ಬಟ್ಟೆ ಪಟ್ಟಿ. ಮೊನ್ನೆ ಹಿಡಿ ಜಾರಿ ಕೊಯ್ದುಕೊಂಡಿದ್ದಳು. ಅದಕ್ಕೇ ಅವನು ಅಂಗಡಿಗೆ ರಜೆಯಿದ್ದ ದಿನ ಅಡುಗೆಮನೆ ಸೇರಿದ್ದು. ದಾರವನ್ನು ಎಳೆದೆಳೆದು, ಉಗುರಿನಿಂದ ಒತ್ತಿ ಒತ್ತಿ ಸುತ್ತಿ ಕೊಟ್ಟ. “ಕೊಯ್ಯಿ. ಇವತ್ತು ಇದರ ಜನ್ಮ ಜಾಲಾಡದೆ ಬಿಡಲ್ಲ. ಇಲ್ಲೇ ಕೂತು ನೋಡ್ತೀನಿ.”

“ನಾನೇನು ಸರ್ಕಸ್ಸಾ, ಕೂತು ನೋಡೋಕೆ?” ಎಂದಳು. ಆದರೂ ಕ್ಯಾರೆಟ್ ತೊಳೆದು ಹಲಗೆಯ ಮೇಲಿಟ್ಟು ಕೊಯ್ಯತೊಡಗಿದಳು. ಕೈ ನಿಧಾನವಾಗಿ ಓಡುತ್ತಿತ್ತು. ಹೋಳುಗಳು ಒಂದು ದಪ್ಪ, ಒಂದು ಸೊಟ್ಟ. ದಾರ ಮಾತ್ರ ಕದಲಲಿಲ್ಲ.

ಪಕ್ಕದ ಕೋಣೆಯಲ್ಲಿ ಮಗಳು ಚಿತ್ರ ಬರೆಯುತ್ತಿದ್ದಳು. ಅವನು ಕುಳಿತಲ್ಲಿಂದಲೇ ಕೂಗಿದ. “ಪುಟ್ಟೀ, ಪೆನ್ಸಿಲ್ ಯಾವ ಕೈಯಲ್ಲಿದೆ?”

“ಬಲಗೈಯಲ್ಲಿ ಅಪ್ಪಾ!” ಕೇಳಿ ಮುಗಿಯುವ ಮೊದಲೇ ಉತ್ತರ ಬಂತು.

ಅವಳನ್ನು ಶಾಲೆಗೆ ಹಾಕುವುದರೊಳಗೆ ಎಡಗೈ ಅಭ್ಯಾಸ ಬಿಡಿಸಬೇಕೆಂದು ಅವನು ಹಟ ಹಿಡಿದಿದ್ದ. ಚಮಚ ಆ ಕೈಗೆ ಹೋದರೆ ಮಣಿಕಟ್ಟಿಗೆ ಒಂದು ಏಟು. ಜೋರಾಗೇನಲ್ಲ, ನೆನಪಿರಲಿ ಅಂತ. “ದಾರಿಗೆ ಬರ್ತಿದ್ದಾಳೆ,” ಎಂದ. “ಇಲ್ಲಾಂದ್ರೆ ಜೀವನಪೂರ್ತಿ ಎಡವಟ್ಟೇ. ಒಂದು ಕತ್ತರಿನೂ ಕೈಗೆ ಕೂರಲ್ಲ.”

ಹೆಂಡತಿ ಕೊಯ್ಯುತ್ತಲೇ ಇದ್ದಳು. ಅವನು ಹಿಡಿಯನ್ನೇ ನೋಡುತ್ತಿದ್ದವನು ಅದನ್ನು ಹಿಡಿದ ಬೆರಳುಗಳನ್ನು ನೋಡಿದ. ಪಟ್ಟಿ ಕಟ್ಟಿದ ಬೆರಳು ಅಲ್ಲೇ, ಆ ಬಲಗೈಯಲ್ಲೇ ಇತ್ತು.

“ಅಲ್ವೇ, ಚಾಕು ಹಿಡಿದ ಕೈಗೇ ಚಾಕು ತಾಗಿದ್ದು ಹೇಗೆ?”

ಅವಳ ಕೈ ನಿಂತಿತು.

“ತರಕಾರಿ ಹಿಡಿದ ಕೈಗೆ ತಾನೆ ತಾಗಬೇಕು?”

“ತೊಳೆಯುವಾಗ ಆಯ್ತು.”

“ಮೊನ್ನೆ ಹೆಚ್ಚುವಾಗ ಅಂದಿದ್ದೆ.”

ಅವಳು ಚಾಕು ಕೆಳಗಿಟ್ಟಳು. ಅವನು ಅದನ್ನೆತ್ತಿ ದಾರ ಬಿಚ್ಚಿ, ಈ ಸಲ ತಿರುವು ಮುರುವಾಗಿ ಸುತ್ತತೊಡಗಿದ. ಬಲಗೈಯವರಿಗೆ ಸುತ್ತಿದ್ದು ಎಡಗೈಯವರು ಹಿಡಿದರೆ ಬಿಚ್ಚಿಕೊಳ್ಳುತ್ತದೆ, ಎಡಗೈಯವರದು ಬಲಗೈಯವರು ಹಿಡಿದರೆ. ಅಂಗಡಿಯಲ್ಲಿ ಅವನಿಗೆ ಇದು ಅ ಆ ಇ ಈ ಇದ್ದ ಹಾಗೆ. ಗಂಟು ಹಾಕಿ ಅವಳ ಎಡಗೈ ಕಡೆಗೆ ಚಾಚಿದ. “ಯಾವಾಗಿನಿಂದ?”

“ಹುಟ್ಟಿದಾಗಿನಿಂದ. ಗಿರಾಕಿ ರಾಕೆಟ್ ಮೇಜಿನ ಮೇಲಿಟ್ಟ ತಕ್ಷಣ ಯಾವ ಕೈ ಅಂತ ಕೇಳ್ತೀರಲ್ಲ, ನನ್ನನ್ನ ಯಾವತ್ತಾದ್ರೂ ಕೇಳಿದ್ರಾ?”

“ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳದ ಹಾಗೆ...”

“ನೀವು ಎದುರಿಗಿದ್ರೆ ಬಲಗೈ. ನೀವು ಎದುರಿಗಿರೋದೇ ಎಷ್ಟು ಹೊತ್ತು ಹೇಳಿ?”

“ನಾನೇನು ಹುಲೀನಾ? ಹೇಳಿದ್ರೆ ತಿಂದುಬಿಡ್ತಿದ್ನಾ?”

“ಮೊದಮೊದಲು ಅಮ್ಮ ಹೇಳಬೇಡ ಅಂದಿದ್ಲು ಅಂತ ಸುಮ್ಮನಿದ್ದೆ. ಆಮೇಲೆ ಪುಟ್ಟಿಗೆ ಏಟು ಬೀಳೋದು ನೋಡಿ ಸುಮ್ಮನಾದೆ. ಗೊತ್ತಾದ್ರೆ ಇದು ನಿನ್ನಿಂದಲೇ ಬಂದಿದ್ದು ಅಂತೀರಿ.”

ಅವನು ಅದನ್ನೇ ಹೇಳಲು ಬಾಯಿ ತೆರೆದಿದ್ದ. ಮುಚ್ಚಿಕೊಂಡ.

“ಕೊಯ್ಯಿ, ನೋಡೋಣ,” ಎಂದ. ಸಿಟ್ಟಿನಿಂದಲ್ಲ. ಹೊಸ ಆಟಗಾರನ ಕೈ ಬೀಸು ನೋಡುವಾಗ ಬರುವ ದನಿ ಅದು.

ಅವಳು ಬಾಗಿಲ ಕಡೆಗೊಮ್ಮೆ ನೋಡಿ, ಚಾಕುವನ್ನು ಎಡಗೈಗೆ ತೆಗೆದುಕೊಂಡಳು. ಆಮೇಲೆ ಕೇಳಿದ್ದು ಹಲಗೆಯ ಸದ್ದು ಮಾತ್ರ, ಮಧ್ಯೆ ಉಸಿರು ಬಿಡದ ಒಂದೇ ಸಮನೆ ಟಕಟಕ. ಹೋಳುಗಳು ಬೆಳಕು ತೂರುವಷ್ಟು ತೆಳ್ಳಗೆ, ಒಂದರ ಬೆನ್ನಿಗೊಂದು ಮಲಗುತ್ತಾ ಹೋದವು. ದಾರ ಹಿಡಿಗೆ ಕಚ್ಚಿಕೊಂಡಿತ್ತು. ತಾನು ಇಷ್ಟು ದಿನ ಉಂಡಿದ್ದು ಈ ಕೈಯ ಅಡುಗೆ ಎಂದು ಅವನಿಗೆ ಅನ್ನಿಸಿತು. ಈ ಕೈಯನ್ನು ಇವತ್ತೇ ನೋಡುತ್ತಿರುವುದು ಎಂದೂ.

“ಇನ್ನೊಂದು ಕ್ಯಾರೆಟ್ ಕೊಡಿ,” ಎಂದಳು ಅವಳು. ನಗು ಬಂದಿತ್ತು. ಅವನು ಫ್ರಿಜ್ಜಿನ ಬಾಗಿಲು ತೆಗೆದು ಒಳಗೆ ಬಗ್ಗಿದ.

ಅಷ್ಟರಲ್ಲಿ ಮಗಳು ಚಿತ್ರ ತೋರಿಸಲು ಬಂದಳು. ಫ್ರಿಜ್ಜಿನ ಬಾಗಿಲ ಹಿಂದಿದ್ದ ಅಪ್ಪ ಅವಳಿಗೆ ಕಾಣಲಿಲ್ಲ, ಅಮ್ಮನ ಕೈ ಕಂಡಿತು. ಹಾಳೆ ಬಿಸಾಡಿ ಓಡಿಬಂದು ಅಮ್ಮನ ಬಟ್ಟೆ ಜಗ್ಗಿ, ಹೆದರಿದ ಕಣ್ಣಿನಲ್ಲಿ ಪಿಸುಗುಟ್ಟಿದಳು:

“ಅಮ್ಮಾ, ಬೇಗ ಕೈ ಬದಲಾಯಿಸು! ಅಪ್ಪ ಇವತ್ತು ಅಂಗಡಿಗೆ ಹೋಗಿಲ್ಲ.”